ನಿಮ್ಮ ಜಿಎಸ್‌ಟಿ ಖಾತೆಯಲ್ಲಿ ಯಾರ ಮೊಬೈಲ್ ಸಂಖ್ಯೆ ಇದೆ? ಇಂದೇ ನೋಡಿಕೊಳ್ಳಿ

ಮೈಸೂರಿನಲ್ಲಿ ಹೊಸದಾಗಿ ಅಂಗಡಿಯನ್ನೋ ಸಣ್ಣ ಘಟಕವನ್ನೋ ಆರಂಭಿಸುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ತೆರಿಗೆಯ ಹಣವನ್ನು ತಪ್ಪದೆ ಕೊಡುತ್ತಾ ಬಂದಿದ್ದರೂ ನನ್ನ ಜಿಎಸ್‌ಟಿ ನೋಂದಣಿ ರದ್ದಾಯಿತು.

ನನ್ನದು ಅಗರಬತ್ತಿ ವ್ಯಾಪಾರ. ಕರ್ನಾಟಕದಲ್ಲಿ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ನೋಂದಣಿ ಬೇಕಿಲ್ಲ. ನಮ್ಮ ಸರಕು ಊಟಿಯ ಅಂಗಡಿಗಳಿಗೂ ಹೋಗುತ್ತದೆ. ಹೊರರಾಜ್ಯಕ್ಕೆ ಮಾರುವವರಿಗೆ ಆ ವಿನಾಯಿತಿ ಇಲ್ಲ. ಹೀಗಾಗಿ ಪರಿಚಿತರೊಬ್ಬರು ಹೇಳಿದ ಏಜೆಂಟರಿಗೆ ನೋಂದಣಿಯ ಕೆಲಸವನ್ನೂ ರಿಟರ್ನ್ಸ್ (ಮಾರಾಟ, ತೆರಿಗೆಗಳ ಲೆಕ್ಕಪಟ್ಟಿ) ಸಲ್ಲಿಸುವ ಕೆಲಸವನ್ನೂ ವಹಿಸಿದೆ. ಸಣ್ಣ ಉದ್ದಿಮೆಗಳಿಗಿರುವ ಉದ್ಯಮ್ ನೋಂದಣಿಗೂ ಅವರು ‘ಸರ್ಕಾರಿ ಶುಲ್ಕ’ ಎಂದು ಹಣ ಪಡೆದರು. ಜಿಎಸ್‌ಟಿ ನೋಂದಣಿಗಾಗಲಿ ಉದ್ಯಮ್‌ಗಾಗಲಿ ಸರ್ಕಾರಕ್ಕೆ ಒಂದು ಪೈಸೆಯನ್ನೂ ಕಟ್ಟಬೇಕಿಲ್ಲ. ಏಜೆಂಟರು ತಮ್ಮ ಶ್ರಮಕ್ಕೆ ಕೂಲಿ ಕೇಳಲಿ, ತಪ್ಪಿಲ್ಲ. ಸರ್ಕಾರದ ಹೆಸರಿನಲ್ಲಿ ಕೇಳುವುದು ಶುದ್ಧ ಮೋಸ.

ತೆರಿಗೆಯ ಹಣವನ್ನು ಏಜೆಂಟರ ಕೈಗೇ ಕೊಡುತ್ತಿದ್ದೆ. ಪ್ರತಿ ಸಲವೂ ಅವರು ತೆರಿಗೆ ಕಟ್ಟಿದ್ದಕ್ಕೆ ಪುರಾವೆ ಎಂದು ಒಂದು ಚಲನ್ ಕಳುಹಿಸುತ್ತಿದ್ದರು. ಅದರಲ್ಲಿ ನನ್ನ ಹೆಸರು, ಜಿಎಸ್‌ಟಿ ಸಂಖ್ಯೆ, ಮೊತ್ತ ಎಲ್ಲವೂ ಸರಿಯಾಗಿಯೇ ಇರುತ್ತಿದ್ದವು. ಇಲ್ಲದಿದ್ದುದು ಸಿಐಎನ್ ಸಂಖ್ಯೆ ಮಾತ್ರ. ಚಲನ್ ತಯಾರಿಸಿದ ಕೂಡಲೇ ಸಿಪಿಐಎನ್ ಎಂಬ ಸಂಖ್ಯೆ ಬರುತ್ತದೆ; ಅದಕ್ಕೆ ಹಣ ಕಟ್ಟಿರಬೇಕೆಂದೇನೂ ಇಲ್ಲ. ಹಣ ನಿಜವಾಗಿ ಪಾವತಿಯಾದ ಮೇಲಷ್ಟೇ ಸಿಐಎನ್ ಹುಟ್ಟುತ್ತದೆ. ರಿಟರ್ನ್ಸ್ ಸಲ್ಲಿಕೆಯಾದರೆ ಎಆರ್‌ಎನ್ ಸಂಖ್ಯೆ ಬರುತ್ತದೆ. ಇವೆರಡೂ ಇಲ್ಲದ ಕಾಗದ ಎಷ್ಟೇ ಅಚ್ಚುಕಟ್ಟಾಗಿ ಕಂಡರೂ ರಸೀದಿಯಲ್ಲ.

ವಿಷಯ ಹೊರಬಿದ್ದದ್ದು ಒಬ್ಬ ಸಗಟು ವ್ಯಾಪಾರಿಯಿಂದ. ನನ್ನ ಬಿಲ್‌ಗಳ ತೆರಿಗೆ ತಮ್ಮ ಖಾತೆಯಲ್ಲಿ ಕಾಣುತ್ತಿಲ್ಲ, ಅಷ್ಟು ಹಣವನ್ನು ತಡೆಹಿಡಿಯುತ್ತೇವೆ ಎಂದರು. ಅವರದು ನ್ಯಾಯವೇ, ನಾವು ರಿಟರ್ನ್ಸ್ ಸಲ್ಲಿಸದಿದ್ದರೆ ಕೊಂಡವರಿಗೆ ಹೂಡುವಳಿ ತೆರಿಗೆಯ ಲಾಭ, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ, ಸಿಗುವುದಿಲ್ಲ. ಜಿಎಸ್‌ಟಿ ಜಾಲತಾಣದಲ್ಲಿ ನನ್ನ ಸಂಖ್ಯೆ ಹಾಕಿ ನೋಡಿದರೆ ರಿಟರ್ನ್ಸ್ ಸಲ್ಲಿಕೆಯಾಗಿರಲಿಲ್ಲ, ನೋಂದಣಿ ರದ್ದು ಎಂದಿತ್ತು. ನೋಟಿಸುಗಳೆಲ್ಲ ಏಜೆಂಟರ ಇಮೇಲ್‌ಗೆ ಹೋಗಿದ್ದವು, ಏಕೆಂದರೆ ನೋಂದಣಿಯಲ್ಲಿ ಕೊಟ್ಟಿದ್ದ ಮೊಬೈಲ್, ಇಮೇಲ್ ಎರಡೂ ಅವರವೇ. ಅಂದಿನಿಂದ ಅವರು ಫೋನ್ ಎತ್ತಿಲ್ಲ. ಪೊಲೀಸರಿಗೆ ದೂರು ಕೊಟ್ಟಿದ್ದೇನೆ, ಆದರೆ ಕಾನೂನಿನ ಕಣ್ಣಿನಲ್ಲಿ ತೆರಿಗೆ ಬಾಕಿ ನನ್ನದೇ. ಅದರ ಮೇಲೆ ವರ್ಷಕ್ಕೆ ಶೇ 18ರ ಬಡ್ಡಿ, ಜೊತೆಗೆ ಪ್ರತಿ ರಿಟರ್ನ್ಸ್‌ಗೂ ದಿನದ ಲೆಕ್ಕದಲ್ಲಿ ವಿಳಂಬ ಶುಲ್ಕ. ಒಮ್ಮೆ ಕೊಟ್ಟ ತೆರಿಗೆಯನ್ನೇ ಮತ್ತೊಮ್ಮೆ ಕಟ್ಟುವಾಗಿನ ಸಂಕಟ ಯಾರಿಗೂ ಬೇಡ.

ನಿಮ್ಮ ರಿಟರ್ನ್ಸ್ ಸಲ್ಲಿಕೆಯಾಗಿದೆಯೇ ಎಂದು ತಿಳಿಯಲು ಪಾಸ್‌ವರ್ಡ್ ಬೇಕಿಲ್ಲ. ಜಿಎಸ್‌ಟಿ ಜಾಲತಾಣದ ತೆರಿಗೆದಾರರ ಹುಡುಕಾಟ ಪುಟದಲ್ಲಿ ನಿಮ್ಮ ಸಂಖ್ಯೆ ಹಾಕಿದರೆ ನೋಂದಣಿಯ ಸ್ಥಿತಿ, ಸಲ್ಲಿಸಿದ ರಿಟರ್ನ್ಸ್‌ಗಳ ಪಟ್ಟಿ ಎರಡೂ ಕಾಣುತ್ತವೆ. ಪ್ರತಿ ತಿಂಗಳೂ ನೋಡಿ. ಖಾತೆ ಬೇರೆಯವರ ಕೈಯಲ್ಲಿದ್ದರೆ ನಿಮ್ಮ ವ್ಯಾಪ್ತಿಯ ತೆರಿಗೆ ಅಧಿಕಾರಿಗೆ ದಾಖಲೆಗಳೊಂದಿಗೆ ಅರ್ಜಿ ಕೊಡಿ. ಮೊಬೈಲ್, ಇಮೇಲ್ ಬದಲಿಸುವ ಅಧಿಕಾರ ಅವರಿಗಿದೆ. ನನ್ನ ಖಾತೆ ನನ್ನ ಕೈಗೆ ಬಂದದ್ದು ಹಾಗೆಯೇ.

ಬಿಲ್ ಪುಸ್ತಕಗಳೂ ಖರೀದಿ ಬಿಲ್‌ಗಳೂ ನನ್ನ ಬಳಿಯೇ ಇದ್ದುದರಿಂದ ಬಾಕಿ ರಿಟರ್ನ್ಸ್‌ಗಳನ್ನು ಹೊಸ ಲೆಕ್ಕಿಗರು ಮೊದಲಿನಿಂದ ಬರೆಯಲು ಸಾಧ್ಯವಾಯಿತು. ವಾರ್ಷಿಕ ರಿಟರ್ನ್ಸ್‌ನ ಕೊನೆಯ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರ ಕಾಪಾಡಬೇಕೆಂಬುದು ನಿಯಮ. ಮೂಲ ಪ್ರತಿಗಳನ್ನು ಏಜೆಂಟರ ಕಚೇರಿಯಲ್ಲಿ ಬಿಡಬೇಡಿ. ರದ್ದತಿ ಹಿಂಪಡೆಯಲು ಆದೇಶ ತಲುಪಿದ 90 ದಿನಗಳೊಳಗೆ ಅರ್ಜಿ ಹಾಕಬೇಕು, ಅದಕ್ಕೂ ಮೊದಲು ಬಾಕಿ ರಿಟರ್ನ್ಸ್‌ಗಳೆಲ್ಲ ಸಲ್ಲಿಕೆಯಾಗಿರಬೇಕು. ಕಾರಣ ಸಮರ್ಪಕವಾಗಿದ್ದರೆ ಅಧಿಕಾರಿಗಳು ಆ ಗಡುವನ್ನು ವಿಸ್ತರಿಸಬಹುದು. ನನ್ನ ಅರ್ಜಿ ಈಗ ಆ ಹಂತದಲ್ಲಿದೆ.