ಸೆಳವನ್ನು ಅಳೆಯಲು ಆವಿಯೋ, ಸೂಜಿಯೋ?

ಗರ್ಭದಲ್ಲಿದ್ದಾಗಲೇ ಮಾರ್ಫಿನ್ ತಾಗಿದ ಇಲಿಮರಿಗೆ ಮುಂದೆ ಸೆಳವು (ಮೂರ್ಛೆರೋಗದಲ್ಲಿ ಬರುವಂಥ ಮೈ ಅದುರಾಟ) ಬೇಗ ಬರುತ್ತದೆಯೇ? ಪ್ರಯೋಗಾಲಯದಲ್ಲಿ ಇದನ್ನು ನಾನು ಸೆಳವು ತರಿಸುವ ಎರಡು ಮದ್ದುಗಳಿಂದ ಪರೀಕ್ಷಿಸಿದ್ದೇನೆ: ಫ್ಲೂರೋಥೈಲ್ ಆವಿಯಿಂದ, ಬೈಕುಕುಲಿನ್ ಚುಚ್ಚುಮದ್ದಿನಿಂದ. ತಾಯಿಗೆ ಮಾರ್ಫಿನ್ ಕೊಡುವ ಕ್ರಮ ಮಾತ್ರ ಎರಡರಲ್ಲೂ ಒಂದೇ. ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿನಲ್ಲಿ ಇಲೋನಾ ವಾಥಿ ಅವರ ತಂಡ ಅನುಸರಿಸಿದ್ದು ಅದು: ಗರ್ಭದ 11ರಿಂದ 18ನೇ ದಿನದವರೆಗೆ, ದಿನಕ್ಕೆ ಎರಡು ಬಾರಿ. ಇಲಿಯ ಗರ್ಭಾವಧಿ ಸುಮಾರು 22 ದಿನ.

ಆವಿಯ ವಿಧಾನದಲ್ಲಿ ಮರಿಯನ್ನು ಮುಚ್ಚಿದ ಗಾಜಿನ ಪೆಟ್ಟಿಗೆಯೊಳಗೆ ಬಿಡುತ್ತೇನೆ. ಮೇಲಿನ ಸೋಸುಕಾಗದಕ್ಕೆ ಪಂಪು ಫ್ಲೂರೋಥೈಲ್ ದ್ರವವನ್ನು ಒಂದೇ ವೇಗದಲ್ಲಿ ತೊಟ್ಟಿಕ್ಕಿಸುತ್ತದೆ. ಮೊದಲು ಮೂತಿ ಅದುರುತ್ತದೆ, ಮುಂಗಾಲುಗಳು ಬಡಿಯತೊಡಗುತ್ತವೆ, ಆಮೇಲೆ ಮರಿ ಮಗುಚಿ ಬೀಳುತ್ತದೆ. ಅಷ್ಟರಲ್ಲಿ ಇಳಿದ ದ್ರವದ ಲೆಕ್ಕವೇ ಆ ಮರಿಯ ತಾಳಿಕೆಯ ಮಿತಿ. ಕೂಡಲೇ ಮುಚ್ಚಳ ತೆಗೆದರೆ ಮರಿ ಸಾಮಾನ್ಯವಾಗಿ ಸುಧಾರಿಸಿಕೊಳ್ಳುತ್ತದೆ. ನನಗೆ ಇದು ಹಿಡಿಸಿದ್ದು ಅದಕ್ಕೇ. ಒಂದೊಂದು ಮರಿಯೂ ತನ್ನದೇ ಅಂಕಿ ಕೊಡುವುದರಿಂದ ಕಡಿಮೆ ಪ್ರಾಣಿಗಳು ಸಾಕು. ಆದರೆ ಕೋಣೆಯ ಉಷ್ಣತೆ ಏರಿದರೆ ದ್ರವ ಬೇಗ ಆವಿಯಾಗಿ ಅಂಕಿ ಕೆಡುತ್ತದೆ. ಬೇಸಿಗೆಯಲ್ಲಿ ಒಂದು ವಾರದ ಕೆಲಸವನ್ನೇ ನಾನು ಹೀಗೆ ಕಳೆದುಕೊಂಡೆ.

ಬೈಕುಕುಲಿನ್‌ನಲ್ಲಿ ಪ್ರಮಾಣ ಮೊದಲೇ ನಿಗದಿ. ಸೆಳವು ಬಂತೇ, ಎಷ್ಟು ಹೊತ್ತಿಗೆ ಬಂತು, ಅಷ್ಟೇ ಗೊತ್ತಾಗುವುದು. ಸೂಜಿ ತುಸು ಆಚೀಚೆಯಾದರೂ ಮದ್ದು ಹೀರುವ ವೇಗ ಬದಲಾಗುತ್ತದೆ. ಹಾಗಿದ್ದರೂ ನಾನು ಇದನ್ನು ಬಿಟ್ಟಿಲ್ಲ. ಮಿದುಳಿನ ಉದ್ರೇಕಕ್ಕೆ ಕಡಿವಾಣ ಹಾಕುವ ಗಾಬಾ-ಎ ಗ್ರಾಹಕವನ್ನೇ ಈ ಮದ್ದು ತಡೆಯುವುದರಿಂದ, ಮಾರ್ಫಿನ್ ಆ ಕಡಿವಾಣವನ್ನು ಸಡಿಲಿಸಿದೆಯೇ ಎಂದು ಹುಡುಕಲು ಇದೇ ಹೆಚ್ಚು ನೇರವಾದ ದಾರಿ. ವಾಥಿ ತಂಡಕ್ಕೆ ಇದರಲ್ಲಿ ಸಿಕ್ಕ ಫಲಿತಾಂಶ ಲಿಂಗಕ್ಕೆ, ವಯಸ್ಸಿಗೆ ತಕ್ಕಂತೆ ಬೇರೆಬೇರೆಯಾಗಿತ್ತು.

ಒಂದನ್ನೇ ಆರಿಸಬೇಕಾದರೆ ನಾನು ಆವಿಯನ್ನು ಆರಿಸುತ್ತೇನೆ. ಆದರೆ ಆವಿಯಲ್ಲಿ ವ್ಯತ್ಯಾಸ ಕಾಣಲಿಲ್ಲವೆಂದು ಮಾರ್ಫಿನ್‌ಗೆ ಪರಿಣಾಮವೇ ಇಲ್ಲ ಎಂದು ಬರೆಯಲು ನನಗೆ ಧೈರ್ಯ ಬರುವುದಿಲ್ಲ.

ಎರಡರಲ್ಲೂ ಗಂಡು ಹೆಣ್ಣುಗಳ ಅಂಕಿಗಳನ್ನು ಬೆರೆಸಬಾರದು. ಬೆಳೆದ ಹೆಣ್ಣಿಲಿಯ ಯೋನಿದ್ರವವನ್ನು ಪ್ರತಿ ಬೆಳಿಗ್ಗೆ ಗಾಜಿಗೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತೇನೆ. ಬೆದೆಯ ದಿನ ಜೀವಕೋಶಗಳು ನಡುವಿನ ಚುಕ್ಕೆಯಿಲ್ಲದೆ ಒಣ ಎಲೆಯ ಚೂರುಗಳಂತೆ ಕಾಣುತ್ತವೆ. ಆ ದಿನದ ಅಂಕಿಯನ್ನು ಪ್ರತ್ಯೇಕವಾಗಿಯೇ ಬರೆದಿಡುತ್ತೇನೆ. ಇನ್ನು, ಒಂದೇ ಸೂಲಿನ ಹತ್ತು ಮರಿಗಳನ್ನು ಹತ್ತು ಸ್ವತಂತ್ರ ಪ್ರಾಣಿಗಳೆಂದು ಎಣಿಸುವ ತಪ್ಪನ್ನು ದಯವಿಟ್ಟು ಮಾಡಬೇಡಿ. ಮಾರ್ಫಿನ್ ಕೊಟ್ಟದ್ದು ಒಂದೇ ತಾಯಿಗೆ.