ದುಬಾರಿ ಇಟಾಲಿಯನ್ ಊಟ: ಹಸಿರು ಚುಕ್ಕೆ ನಂಬಬೇಡಿ, ಬಿಲ್ಲಿನ ಕೊನೆಯ ಸಾಲು ಬಿಡಬೇಡಿ

ಹುಬ್ಬಳ್ಳಿಯ ಒಂದು ದುಬಾರಿ ಇಟಾಲಿಯನ್ ರೆಸ್ಟೋರೆಂಟಿನಲ್ಲಿ ನಾಲ್ವರು ಸಸ್ಯಾಹಾರಿಗಳ ಟೇಬಲ್ಲಿಗೆ ಬಂದದ್ದು ಇಷ್ಟು: ಮೆನುವಿನಲ್ಲಿ ಸಸ್ಯಾಹಾರದ ಹಸಿರು ಚುಕ್ಕೆಯಿದ್ದ ರಿಸೊಟ್ಟೊ ಎಂಬ ಅಕ್ಕಿಯ ಖಾದ್ಯ, ಮೇಲೆ ಪಾರ್ಮಿಜಾನೊ ರೆಜ್ಜಾನೊ ಚೀಸ್‌ನ ತುರಿ. ಅದೇ ಚುಕ್ಕೆಯ ಪನ್ನಾಕೋಟಾ ಎಂಬ ಸಿಹಿ. ಕಹಿಯಾದ ಬುರ್ರಾಟಾ ಚೀಸ್. ಕೊನೆಗೆ ಕೇಳದೇ ಸೇರಿಸಿದ 10% ಸರ್ವಿಸ್ ಚಾರ್ಜ್. ರೊಕ್ಕಕ್ಕಿಂತ ಹೆಚ್ಚು ನೋಯಿಸಿದ್ದು ಮೊದಲಿನ ಎರಡು.

ಪಾರ್ಮಿಜಾನೊ ರೆಜ್ಜಾನೊ ಅನ್ನುವುದು ಕಾನೂನಿನ ರಕ್ಷಣೆ ಇರುವ ಹೆಸರು. ಇಟಲಿಯ ಪಾರ್ಮಾ, ರೆಜ್ಜೊ ಎಮಿಲಿಯಾ, ಮೊದೆನಾ ಸುತ್ತಲಿನ ಗೊತ್ತುಪಡಿಸಿದ ಪ್ರದೇಶದಲ್ಲೇ ತಯಾರಾಗಬೇಕು, ಕನಿಷ್ಠ 12 ತಿಂಗಳು ಮಾಗಬೇಕು, ಹಾಲನ್ನು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದಲೇ ಒಡೆಯಿಸಬೇಕು. ಅಂದಮೇಲೆ ಮೆನುವಿನಲ್ಲಿ ಈ ಹೆಸರು ಬರೆದು ಪಕ್ಕದಲ್ಲಿ ಹಸಿರು ಚುಕ್ಕೆ ಇಟ್ಟಿದ್ದರೆ ಎರಡರಲ್ಲಿ ಒಂದು ಸುಳ್ಳು. ಚೀಸ್ ಅಸಲಿಯಾಗಿದ್ದರೆ ರೆನೆಟ್ ಪ್ರಾಣಿಯದು. ರೆನೆಟ್ ಪ್ರಾಣಿಯದಲ್ಲದಿದ್ದರೆ ಆ ಹೆಸರು ಹಾಕುವಂತಿಲ್ಲ. ಗ್ರಾನಾ ಪದಾನೊ, ಪೆಕೊರಿನೊ ರೊಮಾನೊ ಕೂಡ ಪ್ರಾಣಿ ರೆನೆಟ್‌ನವೇ. ನಮ್ಮಲ್ಲಿ ಮೈಕ್ರೋಬಿಯಲ್ (ಸೂಕ್ಷ್ಮಜೀವಿಗಳಿಂದ ಪಡೆದ) ರೆನೆಟ್ ಬಳಸಿದ ‘ಪಾರ್ಮೆಸಾನ್’ ಮಾದರಿಯ ಚೀಸ್ ಧಾರಾಳವಾಗಿ ಸಿಗುತ್ತದೆ, ಬಳಸಿದರೆ ತಪ್ಪೇನಿಲ್ಲ. ‘ವೆಜ್ಜಾ?’ ಎಂದು ಕೇಳಿದರೆ ವೇಟರ್ ಹೂಂ ಅಂದೇ ಅನ್ನುತ್ತಾನೆ. ಚೀಸ್‌ನ ಪ್ಯಾಕೆಟ್ ತರಿಸಿ ಓದಿ. ತರಲು ಹಿಂಜರಿದರೆ ಚೀಸ್ ಬೇಡವೆನ್ನಿ. ಬೇಸಿಲ್ ಎಲೆಯ ಚಟ್ನಿಯಂಥ ಪೆಸ್ಟೋದಲ್ಲೂ ಇದೇ ಚೀಸ್ ಇರುತ್ತದೆ ಅನ್ನುವುದು ಬಹಳ ಮಂದಿಗೆ ಹೊಳೆಯುವುದಿಲ್ಲ.

ಪನ್ನಾಕೋಟಾ ಎಂದರೆ ಕೆನೆ, ಸಕ್ಕರೆ, ಜೊತೆಗೆ ಗಟ್ಟಿಯಾಗಿಸಲು ಜಿಲಾಟಿನ್. ಹಂದಿ, ದನಗಳ ಚರ್ಮ-ಎಲುಬಿನಿಂದ ಬರುವ ಪದಾರ್ಥ ಅದು. ಸಸ್ಯಾಹಾರಿ ಅಡುಗೆಮನೆ ಚೈನಾಗ್ರಾಸ್ ಹಾಕಬೇಕು. ವ್ಯತ್ಯಾಸ ಬಾಯಿಗೇ ತಿಳಿಯುತ್ತದೆ: ಜಿಲಾಟಿನ್ ಮೈಶಾಖಕ್ಕೇ ಕರಗಿ ಕೆನೆಯಾಗುತ್ತದೆ, ಚೈನಾಗ್ರಾಸ್ ಕರಗದೆ ತುಂಡು ತುಂಡಾಗುತ್ತದೆ. ಆದರೆ ಬಾಯಿಗಿಟ್ಟ ಮೇಲೆ ತಿಳಿದು ಪ್ರಯೋಜನವೇನು, ಆರ್ಡರ್ ಕೊಡುವಾಗಲೇ ಕೇಳಿ. ತಿರಮಿಸು ಎಂಬ ಸಿಹಿಯ ಬಿಸ್ಕತ್ತಿನಲ್ಲೂ ಕ್ರೀಮಿನಲ್ಲೂ ಮೊಟ್ಟೆ ಇರುತ್ತದೆ, ಕೆಲವು ಕಡೆ ಮದ್ಯವೂ. ಸೀಸರ್ ಸಲಾಡ್‌ನ ಡ್ರೆಸ್ಸಿಂಗ್‌ನಲ್ಲಿ ಆಂಚೋವಿ ಮೀನು.

ರಿಸೊಟ್ಟೊ ಅಕ್ಕಿ ಹಸಿಯಿಂದ ಬೇಯಲು ಹದಿನಾರರಿಂದ ಇಪ್ಪತ್ತು ನಿಮಿಷ ಬೇಕು. ಐದಾರು ನಿಮಿಷಕ್ಕೆ ಬಂದರೆ ಮೊದಲೇ ಬೇಯಿಸಿಟ್ಟದ್ದು. ಮುಕ್ಕಾಲು ಬೇಯಿಸಿ, ತಟ್ಟೆಯಲ್ಲಿ ಹರಡಿ ಆರಿಸಿ, ಆಮೇಲೆ ಮುಗಿಸುವುದು ದೊಡ್ಡ ಅಡುಗೆಮನೆಗಳಲ್ಲೂ ಉಂಟು, ಅದು ಕ್ಷಮ್ಯ. ಪೂರ್ತಿ ಬೇಯಿಸಿಟ್ಟು ಕ್ರೀಮ್ ಸುರಿದು ಬಿಸಿ ಮಾಡಿದರೆ ಪಿಷ್ಟವೆಲ್ಲ ಬಿಟ್ಟುಕೊಂಡು ಅಂಟಾಗುತ್ತದೆ. ತಟ್ಟೆ ಅಲುಗಿಸಿದರೆ ರಿಸೊಟ್ಟೊ ಅಲೆಯಂತೆ ಹರಡಬೇಕು, ಮುದ್ದೆಯಾಗಿ ನಿಲ್ಲಬಾರದು. ಬೇಯಿಸಲು ಹಾಕಿದ ಸ್ಟಾಕ್ (ಸಾರು) ತರಕಾರಿಯದೋ ಕೋಳಿಯದೋ ಎಂದೂ ಕೇಳಿ. ಪಾಸ್ತಾದ ಪರೀಕ್ಷೆ ಈ ಕಡೆಯವರಿಗೆ ಕಲಿಸಬೇಕಾಗಿಲ್ಲ: ಜವೆಗೋಧಿ ಶಾವಿಗೆಯ ಹಾಗೆ ಗಟ್ಟಿ ಗೋಧಿಯ ಪಾಸ್ತಾವೂ ಬೆಂದ ಮೇಲೆ ಎಳೆ ಎಳೆಯಾಗಿ ಇರಬೇಕು.

ಬುರ್ರಾಟಾ ಒಳಗೆ ಕೆನೆ ತುಂಬಿದ ತಾಜಾ ಚೀಸ್. ತಯಾರಾದ ಎರಡು ದಿನದೊಳಗೆ ತಿಂದರೇ ರುಚಿ. ಬೆಂಗಳೂರಿನಿಂದ ಹುಬ್ಬಳ್ಳಿಗೆ ನಾನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಅಲ್ಲಿಂದ ತರಿಸುವವರಾದರೆ ಯಾವತ್ತು ಬಂತು ಎಂದು ಕೇಳುವುದು ಅಧಿಕಪ್ರಸಂಗವಲ್ಲ. ಹೊರಪದರ ಲೋಳೆಯಾಗಿದ್ದರೆ, ಒಳಗಿನ ಕೆನೆ ಹುಳಿ ವಾಸನೆ ಹೊಡೆದರೆ, ನಾಲಿಗೆಗೆ ಕಹಿ ಹತ್ತಿದರೆ ತಕ್ಷಣ ವಾಪಸ್ ಕಳಿಸಿ. ಅರ್ಧ ತಿಂದ ಮೇಲೆ ವಾದ ನಡೆಯುವುದಿಲ್ಲ. ‘ಟ್ರಫಲ್’ (ನೆಲದಡಿ ಬೆಳೆಯುವ ದುಬಾರಿ ಅಣಬೆ) ಎಂದು ಹೆಚ್ಚು ರೇಟು ಹಾಕಿದ್ದು ಬಹುತೇಕ ಕೃತಕ ಪರಿಮಳದ ಎಣ್ಣೆಯೇ.

ಇನ್ನು ಬಿಲ್ಲು. ಬಾಟಲಿ ನೀರಿಗೆ ಎಂಆರ್‌ಪಿಗಿಂತ ಹೆಚ್ಚು ಹಾಕಿದ್ದಾರೆಂದು ಜಗಳ ಬೇಡ. ಹೋಟೆಲಿನವರು ಹಾಗೆ ಹಾಕಬಹುದೆಂದು 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಕೂತ ತಕ್ಷಣ ಸಾದಾ ನೀರು ಕೇಳಿ, ಸಾಕು. ಸರ್ವಿಸ್ ಚಾರ್ಜ್ ಮಾತ್ರ ಬೇರೆ ವಿಷಯ. ಅದನ್ನು ತಾನಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು, ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಎತ್ತಿಹಿಡಿಯಿತು. 4,000 ರೂಪಾಯಿ ಊಟಕ್ಕೆ 10% ಸೇರಿದರೆ 4,400. ಅದರ ಮೇಲೆ 5% ಜಿಎಸ್‌ಟಿ, ಒಟ್ಟು 4,620. ಸರ್ವಿಸ್ ಚಾರ್ಜ್ ಇಲ್ಲದಿದ್ದರೆ 4,200. ಅಂದರೆ ಆ ಚಾರ್ಜಿನ ಮೇಲೂ ತೆರಿಗೆ ನಿಮ್ಮದೇ.

ಕಾರ್ಡ್ ಕೊಡುವ ಮೊದಲೇ ಅದನ್ನು ತೆಗೆದು ಹೊಸ ಬಿಲ್ ತರಲು ಹೇಳಿ. ‘ಸಿಸ್ಟಮ್‌ನಲ್ಲಿ ಬರಲ್ಲ ಸರ್’ ಅಂದರೆ ಮ್ಯಾನೇಜರನ್ನು ಕರೆಸಿ, ಅಲ್ಲೇ ಕೂತು 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕೊಟ್ಟುಬಿಟ್ಟಿದ್ದರೆ ಬಿಲ್ಲಿನ ಮತ್ತು ಮೆನು ಪುಟದ ಫೋಟೋ ಇಟ್ಟುಕೊಂಡು ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಹಸಿರು ಚುಕ್ಕೆಯ ವಿಷಯದಲ್ಲಂತೂ ಮೆನುವಿನ ಫೋಟೋವನ್ನು ಅವತ್ತೇ ತೆಗೆದುಕೊಳ್ಳಿ, ದೂರು ಹೋದ ಮೇಲೆ ಮೆನು ಬದಲಾಗಿರಬಹುದು.