ನದಿದಡದ ಪಾರ್ಕಿಗೆ ಉಬ್ಬರದಲ್ಲಿ ಹೋಗಬೇಕೋ, ಇಳಿತದಲ್ಲೋ?

ಸಮುದ್ರ ಸೇರುವ ನದಿಯ ದಡದ ಪಾರ್ಕು ದಿನವಿಡೀ ಒಂದೇ ರೀತಿ ಇರುವುದಿಲ್ಲ. ಹೆಚ್ಚಿನ ಕಡೆ ಉಬ್ಬರಕ್ಕೂ ಇಳಿತಕ್ಕೂ ಸುಮಾರು 6 ಗಂಟೆ ಅಂತರ. ಅಷ್ಟರಲ್ಲಿ ಜಾಗದ ಚಹರೆಯೇ ಬದಲಾಗಿರುತ್ತದೆ.

ಕಯಾಕ್, ದೋಣಿ ಅಂತ ಹೊರಟವರಿಗೆ ಉಬ್ಬರವೇ ಸರಿ. ನೀರು ಆಳವಿರುತ್ತದೆ, ದೋಣಿ ಕೆಸರಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಆದರೆ ನೀರು ಇಳಿಯತೊಡಗಿದರೆ ನದಿಯ ಹರಿವೂ ಸೇರಿ ಸಮುದ್ರದ ಕಡೆಗೆ ಜೋರಾಗಿ ಎಳೆಯುತ್ತದೆ. ಅದಕ್ಕೆ ಮೊದಲೇ ದಡ ಸೇರಿಬಿಡಿ.

ಹಕ್ಕಿ, ಏಡಿ ನೋಡುವ ಆಸೆಯೇ? ಹಾಗಾದರೆ ಇಳಿತಕ್ಕೆ ಬನ್ನಿ. ಕೆಸರು ಬಯಲು ತೆರೆದುಕೊಂಡಾಗ ಉದ್ದ ಕೊಕ್ಕಿನ ಹಕ್ಕಿಗಳು ಹುಳ ಹೆಕ್ಕಲು ಇಳಿಯುತ್ತವೆ. ಬಿಸಿಲ ನಾಡುಗಳಲ್ಲಾದರೆ ಫಿಡ್ಲರ್ ಏಡಿಗಳೂ ಕಾಣಬಹುದು. ಗಂಡಿಗೆ ಇಕ್ಕಳದಂಥ ಒಂದು ಕಾಲು ಮಾತ್ರ ಭಾರಿ ದೊಡ್ಡದು. ಅದನ್ನು ಎತ್ತಿ ಬೀಸಿ ಹೆಣ್ಣನ್ನು ಕರೆಯುತ್ತದೆ. ಹತ್ತಿರ ಹೆಜ್ಜೆ ಇಟ್ಟರೆ ಎಲ್ಲವೂ ಬಿಲದೊಳಗೆ! ಸ್ವಲ್ಪ ಹೊತ್ತು ಕದಲದೆ ನಿಂತರೆ ಒಂದೊಂದೇ ಹೊರಬರುತ್ತವೆ. ವಾಸನೆ ಜಾಸ್ತಿ, ನಿಜ. ಗಾಳಿಯಾಡದ ಕೆಸರಲ್ಲಿ ಎಲೆ ಕೊಳೆಯುವಾಗ ಗಂಧಕದ ವಾಸನೆ ಬರುವುದು ಸಹಜ.

ಸುಮ್ನೆ ವಾಕಿಂಗ್ ಆದರೆ ಯಾವುದಾದರೂ ನಡೆಯುತ್ತದೆ. ನನ್ನನ್ನು ಕೇಳಿದರೆ ಇಳಿತವೇ. ಉಬ್ಬರ, ಇಳಿತದ ಸಮಯ ದಿನವೂ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ನಿನ್ನೆಯ ಲೆಕ್ಕ ನಂಬಬೇಡಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಇನ್ನೂ ದೂರ ಸರಿಯುತ್ತದೆ.